ಬಿಎ ಅಂದ್ರೆ ಲೆಕ್ಕ ಇರಲ್ಲ ಅಂದುಕೊಂಡವರಿಗೆ

ಇಎಂಎಸ್ ಅಂದ್ರೆ ಎಕನಾಮಿಕ್ಸ್, ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್. ಬೆಂಗಳೂರಿನ ಕೆಲವು ಕಾಲೇಜುಗಳು ಇದನ್ನು ಬಿಎ ಅಂತ ಕೊಡುತ್ತವೆ, ಕೆಲವು ಬಿಎಸ್ಸಿ ಅಂತ. ಒಳಗಿನ ಪಾಠ ಹೆಚ್ಚುಕಮ್ಮಿ ಒಂದೇ. ನಾನು ಓದಿದ ಕಡೆ ಅದು ಬಿಎ ಆಗಿತ್ತು. ಆ ಎರಡು ಅಕ್ಷರಗಳ ದೆಸೆಯಿಂದ ನೆಂಟರಿಷ್ಟರಿಗೆ ಸಮಜಾಯಿಷಿ ಕೊಟ್ಟಿದ್ದೇ ಕೊಟ್ಟಿದ್ದು. "ಪಿಯುಸಿಯಲ್ಲಿ ಪಿಸಿಎಂಬಿ ಓದಿ ಬಿಎ ಸೇರಿದಳಂತೆ. ಪಾಪ, ಸಿಇಟಿಯಲ್ಲಿ ಸೀಟ್ ಸಿಗಲಿಲ್ವೇನೋ" ಅಂತ ಮದುವೆಮನೆಗಳಲ್ಲಿ ಮಾತು. ಸೀಟ್ ಸಿಕ್ಕಿತ್ತು, ನನಗೆ ಬೇಡವಾಗಿತ್ತು ಅಷ್ಟೇ. ಗಣಿತ ಇಷ್ಟ, ಲ್ಯಾಬ್ ಅಂದ್ರೆ ಆಗಲ್ಲ, ಪೇಪರಿನಲ್ಲಿ ಬೆಲೆ ಏರಿಕೆ ಸುದ್ದಿ ಬಂದರೆ ಪೂರ್ತಿ ಓದೋ ಚಟ. ಈ ಮೂರಕ್ಕೂ ಹೊಂದುವ ಕೋರ್ಸ್ ಅಂತ ಒಬ್ಬ ಸೀನಿಯರ್ ಹೇಳಿದ್ದರು. ಕೋಲಾರದಿಂದ ಮೆಜೆಸ್ಟಿಕ್ ಬಸ್ ಹತ್ತಿದೆ.

ಮೊದಲ ವರ್ಷ ಇದರಲ್ಲಿ ಏನು ಮಜಾ ಇದೆ ಅಂತ ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಎಕನಾಮಿಕ್ಸ್ ಕ್ಲಾಸಿನಲ್ಲಿ ನೋಟ್ಸ್ ಬರೆಸುತ್ತಿದ್ದರು: ವ್ಯಾಖ್ಯೆ, ಲಕ್ಷಣಗಳು, ಟೀಕೆಗಳು. ಮ್ಯಾಥ್ಸ್ ಕ್ಲಾಸಿನಲ್ಲಿ ಗೋಳ, ಶಂಕುಗಳ ಸಮೀಕರಣ. ಸ್ಟಾಟಿಸ್ಟಿಕ್ಸ್‌ನಲ್ಲಿ ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಪ್ರಾಕ್ಟಿಕಲ್ ರೆಕಾರ್ಡ್ ತುಂಬಿಸೋದು, ಗ್ರಾಫ್ ಶೀಟ್ ಅಂಟಿಸೋದು. ಮೂರು ವಿಭಾಗ, ಮೂರು ಮಹಡಿ. ಒಂದು ವಿಭಾಗದವರಿಗೆ ಇನ್ನೊಂದು ವಿಭಾಗದಲ್ಲಿ ಏನು ನಡೀತಿದೆ ಅನ್ನೋದೇ ಗೊತ್ತಿರಲಿಲ್ಲ. ರಿಗ್ರೆಶನ್ (ಒಂದು ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತೆ ಅಂತ ಅಂಕಿಅಂಶದಿಂದ ಅಂದಾಜು ಮಾಡೋದು) ಅನ್ನೋದನ್ನು ಸ್ಟಾಟಿಸ್ಟಿಕ್ಸ್‌ನವರು ಒಂದು ಚಿಹ್ನೆಯಲ್ಲಿ ಹೇಳಿಕೊಟ್ಟರು. ಆಮೇಲೆ, ಅರ್ಥಶಾಸ್ತ್ರದ ಪ್ರಶ್ನೆಗಳನ್ನು ಅಂಕಿಅಂಶದಿಂದ ಪರೀಕ್ಷಿಸೋ ಎಕನಾಮೆಟ್ರಿಕ್ಸ್‌ನಲ್ಲಿ ಅದನ್ನೇ ಬೇರೆ ಚಿಹ್ನೆಯಲ್ಲಿ, ಹೊಸ ವಿಷಯ ಅನ್ನೋ ಹಾಗೆ, ಮತ್ತೆ ಹೇಳಿಕೊಟ್ಟರು. ಇವು ಮೂರೂ ಒಂದೇ ಅಂಗಡಿಯ ಸಾಮಾನು ಅಂತ ಜೋಡಿಸಿಕೊಳ್ಳುವ ಕೆಲಸ ಪೂರ್ತಿ ವಿದ್ಯಾರ್ಥಿಯ ತಲೆಗೇ ಬಿಟ್ಟಿದ್ದು. ಈ ಕೋರ್ಸಿನ ದೊಡ್ಡ ಕೊರತೆ ಇದು ಅಂತ ಈಗಲೂ ಅನ್ನಿಸುತ್ತೆ.

ಎರಡನೇ ವರ್ಷ ಮ್ಯಾಥಮೆಟಿಕಲ್ ಎಕನಾಮಿಕ್ಸ್ ಪೇಪರ್ ಶುರುವಾಯಿತು. ಮೇಡಂ ಒಬ್ಬರು ಬಂದರು. ಅವರು ನೋಟ್ಸ್ ಬರೆಸುತ್ತಿರಲಿಲ್ಲ. ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿ ಬೆಂಚಿನ ಮೇಲೆ ಕೂತುಬಿಡುತ್ತಿದ್ದರು.

ಮೊದಲು ಹಾಕಿದ್ದು ಗ್ರಾಹಕನ ಲೆಕ್ಕ. ಎರಡು ವಸ್ತು. ಒಂದಕ್ಕೆ 2 ರೂಪಾಯಿ, ಇನ್ನೊಂದಕ್ಕೆ 1 ರೂಪಾಯಿ. ಜೇಬಿನಲ್ಲಿ 100 ರೂಪಾಯಿ. ಎರಡನ್ನೂ ಎಷ್ಟೆಷ್ಟು ಕೊಳ್ಳುತ್ತಾನೋ ಅವುಗಳ ಗುಣಲಬ್ಧವೇ ಅವನ ತುಷ್ಟಿಗುಣ (ಕೊಂಡಿದ್ದರಿಂದ ಸಿಗೋ ತೃಪ್ತಿಯ ಅಳತೆ) ಅಂತ ಇಟ್ಟುಕೊಳ್ಳಿ. ಎಷ್ಟೆಷ್ಟು ಕೊಂಡರೆ ಅದು ಗರಿಷ್ಠ? ಇರೋ ದುಡ್ಡಿನ ಮಿತಿಯೊಳಗೆ ಗರಿಷ್ಠ ಹುಡುಕೋಕೆ ಬಳಸೋ ಲಗ್ರಾಂಜ್ ವಿಧಾನದಲ್ಲಿ ಮಾಡಿದರೆ ಮೊದಲನೆಯದು 25, ಎರಡನೆಯದು 50, ತುಷ್ಟಿಗುಣ 1250. ಇಷ್ಟನ್ನು ಕ್ಯಾಲ್ಕುಲಸ್ ಬಂದವರು ಯಾರಾದರೂ ಮಾಡುತ್ತಾರೆ. ಲೆಕ್ಕದ ನಡುವೆ ಲ್ಯಾಮ್ಡಾ ಅಂತ ಒಂದು ಅಕ್ಷರ ಬರುತ್ತಲ್ಲ, ಅದರ ಬೆಲೆ 25. ನಾವು ಅದನ್ನು ಏಣಿ ಥರ ಬಳಸಿ, ಉತ್ತರ ಸಿಕ್ಕಿದ ಮೇಲೆ ಒದ್ದು ಬಿಟ್ಟಿದ್ದೆವು. ಮೇಡಂ ಕೇಳಿದರು: "ಆ 25 ಏನು?"

ಯಾರೂ ಬಾಯಿ ಬಿಡಲಿಲ್ಲ. "ಅವನ ಕೈಗೆ 101 ರೂಪಾಯಿ ಕೊಟ್ಟು ಲೆಕ್ಕ ಮತ್ತೆ ಮಾಡಿ" ಅಂದರು. ಮಾಡಿದೆವು. 25.25, 50.5. ಗುಣಿಸಿದರೆ 1275 ಚಿಲ್ಲರೆ. ಮೊದಲು 1250 ಇತ್ತು. ಒಂದು ರೂಪಾಯಿ ಜಾಸ್ತಿ ಕೊಟ್ಟರೆ ತುಷ್ಟಿಗುಣ ಸುಮಾರು 25 ಏರುತ್ತೆ. ಲ್ಯಾಮ್ಡಾ ಅಂದ್ರೆ ಅದೇ, ಕೊನೆಯ ಆ ಒಂದು ರೂಪಾಯಿಯ ಬೆಲೆ. ಯಾವುದು ಸಾಲದೆ ಕೈ ಕಟ್ಟಿಹಾಕಿದೆಯೋ ಅದರ ಬೆಲೆ.

ಇದು ನನಗೆ ತಟ್ಟನೆ ಹಿಡಿಸಿದ್ದಕ್ಕೆ ಕಾರಣ ನಮ್ಮೂರು. ಅಲ್ಲಿ ದುಡ್ಡಿಗಿಂತ ಮೊದಲು ಸಾಲದೇ ಹೋಗೋದು ಬೋರ್‌ವೆಲ್ ನೀರು ಮತ್ತು ತ್ರೀ ಫೇಸ್ ಕರೆಂಟ್. ದಿನಕ್ಕೆ ಇನ್ನೊಂದು ಗಂಟೆ ಕರೆಂಟ್ ಕೊಟ್ಟರೆ ರೈತನಿಗೆ ಎಷ್ಟು ಲಾಭ? ಅದು ಯಾವ ಬಿಲ್ಲಿನಲ್ಲೂ ಬರಲ್ಲ. ಲೆಕ್ಕದಲ್ಲಿ ಮಾತ್ರ ಬರುತ್ತೆ. ಇದಕ್ಕೆ ಶ್ಯಾಡೋ ಪ್ರೈಸ್ ಅಂತಾರೆ. ಕೆಲವು ತಿಂಗಳ ನಂತರ ಕೂನ್–ಟಕರ್ ಷರತ್ತುಗಳು ಬಂದವು. ಒಳ್ಳೆ ಮಳೆಯಾಗಿ, ನೆಲದಲ್ಲಿ ತೇವ ಇದ್ದು, ಮೋಟಾರ್ ಆನ್ ಮಾಡೋ ಅಗತ್ಯವೇ ಇಲ್ಲದಿದ್ದಾಗ ಆ ಇನ್ನೊಂದು ಗಂಟೆಯ ಬೆಲೆ ಸೊನ್ನೆ. ನಿರ್ಬಂಧ ಬಿಗಿಯಾಗಿಲ್ಲದಿದ್ದರೆ ಲ್ಯಾಮ್ಡಾ ಸೊನ್ನೆ ಅನ್ನೋ ನಿಯಮ ಇಷ್ಟೇ. (ಕೂನ್ ಮತ್ತು ಟಕರ್ ಇದನ್ನು ಪ್ರಕಟಿಸಿದ್ದು 1951ರಲ್ಲಿ. ಕರೂಶ್ ಅನ್ನೋರು 1939ರಲ್ಲೇ ತಮ್ಮ ಎಂಎಸ್ಸಿ ಪ್ರಬಂಧದಲ್ಲಿ ಬರೆದಿಟ್ಟಿದ್ದರು, ಯಾರೂ ನೋಡಿರಲಿಲ್ಲ. ಎಂಎಸ್ಸಿ ಪ್ರಬಂಧಗಳ ಹಣೆಬರಹ ಎಲ್ಲಾ ಕಡೆ ಒಂದೇ ಅಂತ ಕಾಣುತ್ತೆ.)

ಆಮೇಲೆ ಬಂದಿದ್ದು ಕಾಬ್‌ವೆಬ್ ಮಾಡೆಲ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಇದು ಈ ಸಲದ ಸಂಖ್ಯೆಯನ್ನು ಹಿಂದಿನ ಸಲದ ಸಂಖ್ಯೆಗೆ ಜೋಡಿಸೋ ಡಿಫರೆನ್ಸ್ ಈಕ್ವೇಶನ್‌ನ ಪಾಠದಲ್ಲಿ ಬರುತ್ತೆ. ಬೆಳೆ ಬೆಳೆಯೋಕೆ ಸಮಯ ಬೇಕು. ಹಾಗಾಗಿ ಈ ಸಲದ ಪೂರೈಕೆ ಹಿಂದಿನ ಸಲದ ಬೆಲೆಯ ಮೇಲೆ ನಿಂತಿರುತ್ತೆ, ಬೇಡಿಕೆ ಮಾತ್ರ ಈ ಸಲದ ಬೆಲೆಯ ಮೇಲೆ. ಬೇಡಿಕೆ = 100 − 2 × ಈಗಿನ ಬೆಲೆ. ಪೂರೈಕೆ = 10 + ಹಿಂದಿನ ಬೆಲೆ. ಎರಡೂ ಸಮ ಆಗೋ ಬೆಲೆ 30. ಈಗ ಏನೋ ಕಾರಣಕ್ಕೆ ಬೆಲೆ 50ಕ್ಕೆ ಹೋಯಿತು ಅಂತಿಟ್ಟುಕೊಳ್ಳಿ. ಅದನ್ನು ನೋಡಿ ಎಲ್ಲರೂ ಜಾಸ್ತಿ ಹಾಕುತ್ತಾರೆ, ಮುಂದಿನ ಸಲ ಬೆಲೆ 20. ಕಮ್ಮಿ ಹಾಕುತ್ತಾರೆ, 35. ಆಮೇಲೆ 27.5. ಹೀಗೆ ಮೇಲೆ ಕೆಳಗೆ ಆಡುತ್ತಾ 30ಕ್ಕೆ ಬಂದು ನಿಲ್ಲುತ್ತೆ. ಗ್ರಾಫಿನಲ್ಲಿ ಬರೆದರೆ ಜೇಡರ ಬಲೆ ಥರ ಕಾಣುತ್ತೆ.

ಈಗ ಆ 2 ಅನ್ನು ಬೇಡಿಕೆಯಿಂದ ತೆಗೆದು ಪೂರೈಕೆಗೆ ಹಾಕಿ. ಬೇಡಿಕೆ = 100 − ಈಗಿನ ಬೆಲೆ. ಪೂರೈಕೆ = 10 + 2 × ಹಿಂದಿನ ಬೆಲೆ. ಸಮ ಆಗೋ ಬೆಲೆ ಈಗಲೂ 30. ಆದರೆ 35ರಿಂದ ಶುರು ಮಾಡಿದರೆ 20, ಆಮೇಲೆ 50, ಅದರ ಮುಂದಿನ ಸಲ ಮೈನಸ್ 10. ಬಲೆ ಒಳಕ್ಕೆ ಸುತ್ತೋ ಬದಲು ಹೊರಕ್ಕೆ ಬಿಚ್ಚಿಕೊಳ್ಳುತ್ತೆ. ಬೆಲೆ ಬದಲಾದಾಗ ಕೊಳ್ಳೋರಿಗಿಂತ ಬೆಳೆಯೋರು ಜಾಸ್ತಿ ಅಲುಗಾಡಿದರೆ ಮಾರುಕಟ್ಟೆ ನಿಲ್ಲೋದಿಲ್ಲ.

"ಮೈನಸ್ ಹತ್ತು ರೂಪಾಯಿ ಅಂದ್ರೇನು ಮೇಡಂ, ದುಡ್ಡು ಕೊಟ್ಟು ತರಕಾರಿ ತಗೊಂಡು ಹೋಗಿ ಅನ್ನಬೇಕಾ?" ಅಂತ ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಕ್ಲಾಸೆಲ್ಲಾ ನಕ್ಕಿತು. ನನಗೆ ನಗು ಬರಲಿಲ್ಲ. ಕೋಲಾರದ ಟೊಮೆಟೊ ಮಂಡಿ ಕಂಡವರಿಗೆ ಅದು ಜೋಕ್ ಅಲ್ಲ. ರೇಟ್ ಬಿದ್ದಾಗ ಕೊಯ್ಯೋ ಕೂಲಿ, ಮಂಡಿಗೆ ಸಾಗಿಸೋ ಬಾಡಿಗೆ, ಕಮಿಷನ್ ಎಲ್ಲಾ ಕಳೆದರೆ ಹದಿನೈದು ಕೆಜಿ ಬಾಕ್ಸಿನ ಮೇಲೆ ರೈತನೇ ಕೈಯಿಂದ ಕೊಡಬೇಕಾಗುತ್ತೆ. ಅದಕ್ಕೇ ಹಣ್ಣನ್ನು ಗಿಡದಲ್ಲೇ ಬಿಡೋದು, ಇಲ್ಲ ರಸ್ತೆ ಬದಿ ಸುರಿಯೋದು. ಮಾಡೆಲ್‌ನ ಮೈನಸ್ ಬೆಲೆ ಅಸಂಬದ್ಧ ಅಂತ ಪುಸ್ತಕ ಹೇಳುತ್ತೆ. ನಮ್ಮ ಹೊಲದ ಬದುವಿನಲ್ಲಿ ನಿಂತರೆ ಅದು ಅಷ್ಟೇನೂ ಅಸಂಬದ್ಧ ಅಲ್ಲ.

ಆ ಶನಿವಾರ ಊರಿಗೆ ಹೋದಾಗ ನೋಟ್‌ಬುಕ್ ಅಪ್ಪನ ಮುಂದೆ ಇಟ್ಟೆ. ಅಪ್ಪ ಓದಿರೋದು ಎಸ್ಸೆಸ್ಸೆಲ್ಸಿ, ಬೆಳೆಯೋದು ಟೊಮೆಟೊ, ಬೀನ್ಸ್, ರಾಗಿ. ಎರಡು ಗೆರೆಗಳನ್ನೂ ವಿವರಿಸಿದೆ. ಬೇಡಿಕೆಯ ಗೆರೆಗೆ ತಲೆಯಾಡಿಸಿದರು. ಪೂರೈಕೆಯ ಗೆರೆಯ ಮೇಲೆ ಬೆರಳಿಟ್ಟು ನಿಲ್ಲಿಸಿದರು.

"ಇದನ್ನ ಯಾರಮ್ಮ ಬರ್ದಿದ್ದು? ಹೋದ್ಸಲದ ರೇಟ್ ನೋಡ್ಕೊಂಡು ಈ ಸಲ ಹಾಕ್ತಾರೆ ಅಂತೀಯ. ನಾವೇನು ಅಷ್ಟು ದಡ್ಡರಾ? ರೇಟ್ ಬಂದ ಮೇಲೆ ಎಲ್ಲಾರೂ ಹಾಕ್ತಾರೆ, ಆಮೇಲೆ ಬೀಳುತ್ತೆ ಅಂತ ನಮ್ಗೆ ಗೊತ್ತಿಲ್ವಾ?"

"ಗೊತ್ತಿದ್ರೂ ಯಾಕೆ ಹಾಕ್ತೀರಪ್ಪ ಹಂಗಾದ್ರೆ?"

"ಹಾಕ್ದೆ ಏನ್ ಮಾಡೋದು? ಡ್ರಿಪ್ ಹಾಕ್ಸಿದೀನಿ, ಗೂಟ ತಂದಿದೀನಿ, ಮಂಡಿಯೋನ ಹತ್ರ ಅಡ್ವಾನ್ಸ್ ತಗೊಂಡಿದೀನಿ. ಮೂರು ಸಲ ಹೋದ್ರೂ ಒಂದ್ಸಲ ಬಂದ್ರೆ ಎಲ್ಲಾ ತೀರುತ್ತೆ. ಮದನಪಲ್ಲಿ ಕಡೆ ಮಳೆ ಬಿದ್ದು ಅವರದ್ದು ಹೋದ್ರೆ ನಮ್ಗೆ ರೇಟು. ಅದೆಲ್ಲಿದೆ ಇದ್ರಲ್ಲಿ?"

ಅದು ಎಲ್ಲೂ ಇರಲಿಲ್ಲ. ಅಪ್ಪನ ಆ ನಾಲ್ಕು ಮಾತಿನಲ್ಲಿ ಎಕನಾಮಿಕ್ಸ್‌ನ ನಾಲ್ಕು ಅಧ್ಯಾಯ ಇದ್ದವು ಅಂತ ಆಮೇಲೆ ಗೊತ್ತಾಯಿತು. ಒಮ್ಮೆ ಡ್ರಿಪ್ಪಿಗೆ ಹಾಕಿದ ದುಡ್ಡು ಮುಂದಿನ ತೀರ್ಮಾನವನ್ನು ಹೇಗೆ ಎಳೆಯುತ್ತೆ ಅನ್ನೋದು ಒಂದು. ಸಾಲ ಕೊಟ್ಟವನೇ ಮಾಲನ್ನೂ ಮಾರಿಸಿದಾಗ ರೈತನಿಗೆ ಆಯ್ಕೆ ಎಷ್ಟು ಉಳಿಯುತ್ತೆ ಅನ್ನೋದು ಇನ್ನೊಂದು. ಅಪಾಯ ಮತ್ತೊಂದು. ಎಲ್ಲಕ್ಕಿಂತ ಮೊದಲನೆಯ ಮಾತು, 'ನಾವೇನು ದಡ್ಡರಾ' ಅನ್ನೋದನ್ನು ಜಾನ್ ಮ್ಯೂತ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ 1961ರಲ್ಲಿ ಒಂದು ಲೇಖನವಾಗಿಯೇ ಬರೆದಿದ್ದಾನೆ. ಅವನೂ ಇದೇ ಕಾಬ್‌ವೆಬ್ ಅನ್ನು ಎದುರಿಗಿಟ್ಟುಕೊಂಡೇ ವಾದ ಮಾಡಿದ. ಜನ ಪ್ರತಿ ಸಲವೂ ಒಂದೇ ರೀತಿಯಲ್ಲಿ ಮೋಸ ಹೋಗುತ್ತಾರೆ ಅಂತ ಮಾಡೆಲ್ ಹೇಳಿದರೆ ಏನೋ ತಪ್ಪಿದೆ, ಅವರ ನಿರೀಕ್ಷೆಯನ್ನೂ ಮಾಡೆಲ್‌ನಿಂದಲೇ ಕಟ್ಟಬೇಕು ಅಂತ. ರ‍್ಯಾಶನಲ್ ಎಕ್ಸ್‌ಪೆಕ್ಟೇಶನ್ಸ್ ಅನ್ನೋ ದೊಡ್ಡ ಹೆಸರಿನ ವಿಚಾರ ಶುರುವಾಗಿದ್ದು ಇಲ್ಲಿಂದ. ಎಂಎ ಓದುವಾಗ ಆ ಲೇಖನ ಕೈಗೆ ಬಂದಾಗ ಮೊದಲು ನೆನಪಾಗಿದ್ದು ಅಪ್ಪನ ಬೆರಳು.

ಹಾಗಂತ ಮ್ಯೂತ್ ಪೂರ್ತಿ ಗೆದ್ದ ಅಂತಲೂ ನಾನು ಹೇಳಲ್ಲ. ಪ್ರತಿಯೊಬ್ಬ ರೈತನಿಗೂ ರೇಟ್ ಬೀಳುತ್ತೆ ಅಂತ ಗೊತ್ತಿದೆ. ಆದರೆ ಪಕ್ಕದ ಊರಿನವರು ಎಷ್ಟು ಎಕರೆ ನಾಟಿ ಮಾಡಿದ್ದಾರೆ ಅಂತ ಗೊತ್ತಿಲ್ಲ. ನರ್ಸರಿಯಲ್ಲಿ ಎಷ್ಟು ಸಸಿ ಹೋಯಿತು ಅಂತ ಕೇಳಿಕೊಂಡು ಅಂದಾಜು ಮಾಡೋರು ಇದ್ದಾರೆ. ನನ್ನ ಪ್ರಕಾರ ಕೋಲಾರದಲ್ಲಿ ನಿಜವಾದ ಮುನ್ಸೂಚನೆ ಇರೋದು ನರ್ಸರಿಯವರ ಬಿಲ್ ಬುಕ್‌ನಲ್ಲಿ.

ಇಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಮಾರ್ಷಲ್ ವಿಚಾರ ಹೇಳಲೇಬೇಕು. ಆಲ್ಫ್ರೆಡ್ ಮಾರ್ಷಲ್ ಕೇಂಬ್ರಿಡ್ಜ್‌ನಲ್ಲಿ ಗಣಿತ ಓದಿದವನು, 1865ರ ಗಣಿತ ಪರೀಕ್ಷೆಯಲ್ಲಿ ಎರಡನೇ ಸ್ಥಾನ. ಆದರೂ ತನ್ನ ಅರ್ಥಶಾಸ್ತ್ರದ ಪುಸ್ತಕದಲ್ಲಿ ಚಿತ್ರಗಳನ್ನು ಅಡಿಟಿಪ್ಪಣಿಗೆ, ಸಮೀಕರಣಗಳನ್ನು ಕೊನೆಯ ಅನುಬಂಧಕ್ಕೆ ತಳ್ಳಿದ. 1906ರಲ್ಲಿ ಬೌಲಿ ಅನ್ನೋ ಸ್ನೇಹಿತನಿಗೆ ಬರೆದ ಪತ್ರದಲ್ಲಿ ಅವನ ಸಲಹೆ ಹೀಗಿದೆ: ಗಣಿತವನ್ನು ಶಾರ್ಟ್‌ಹ್ಯಾಂಡ್ ಥರ ಬಳಸು, ಕೆಲಸ ಮುಗಿದ ಮೇಲೆ ಮಾತಿನಲ್ಲಿ ಬರಿ, ಬದುಕಿನಿಂದ ಉದಾಹರಣೆ ಕೊಡು, ಆಮೇಲೆ ಗಣಿತವನ್ನು ಸುಟ್ಟುಬಿಡು. ಈ ಕೋರ್ಸ್ ಓದುವ ಪ್ರತಿಯೊಬ್ಬರಿಗೂ ಯಾರಾದರೂ ಒಬ್ಬರು ಈ ಮಾತು ಹೇಳೇ ಹೇಳುತ್ತಾರೆ. ಸುಡೋ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಇದೇ ವಿಚಾರವನ್ನು ನಾನು ಮಾತಿನಲ್ಲಿ ಹೇಳಿದ್ದರೆ, "ಬೆಲೆ ಏರಿಳಿತಕ್ಕೆ ರೈತರ ಪ್ರತಿಕ್ರಿಯೆ ಕಾರಣ" ಅಂತ ಏನೋ ಅನ್ನುತ್ತಿದ್ದೆ. ಅಪ್ಪ ಹೂಂ ಅಂದು ಟಿವಿ ನೋಡುತ್ತಿದ್ದರು. ಸಮೀಕರಣ ಬರೆದಿದ್ದಕ್ಕೇ ಯಾವ ಗೆರೆ ಸರಿಯಿಲ್ಲ ಅಂತ ಬೆರಳಿಟ್ಟು ತೋರಿಸೋಕೆ ಆಯಿತು. ನಾನು ಏನನ್ನು ನಂಬಿದ್ದೇನೆ ಅನ್ನೋದು ಅಲ್ಲಿ ಬಚ್ಚಿಟ್ಟುಕೊಳ್ಳೋಕೆ ಆಗಲ್ಲ.

ಮೂರನೇ ವರ್ಷದಲ್ಲಿ ಹೊರೆ ಜಾಸ್ತಿ, ಆದರೆ ಅಷ್ಟರಲ್ಲಿ ಮೂರು ಮಹಡಿಗಳ ನಡುವೆ ಮೆಟ್ಟಿಲು ಕಾಣತೊಡಗಿತ್ತು. ಅನಾಲಿಸಿಸ್ ಅನ್ನೋ ಗಣಿತದ ಪೇಪರಿನಲ್ಲಿ ವಯರ್‌ಸ್ಟ್ರಾಸ್ ಪ್ರಮೇಯ ಓದಿದ್ದೆವು: ಸೀಮಿತವೂ ಆಗಿರುವ, ಅಂಚುಗಳನ್ನೂ ಒಳಗೊಂಡಿರುವ ಗಣದ (ಸೆಟ್) ಮೇಲೆ ನಿರಂತರ ಫಲನಕ್ಕೆ (ಕಂಟಿನ್ಯುಯಸ್ ಫಂಕ್ಷನ್) ಗರಿಷ್ಠ ಬೆಲೆ ಇದ್ದೇ ಇರುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಮರೆತಿದ್ದೆವು. ಒಂದು ದಿನ ಮೇಡಂ ಹಳೇ ಗ್ರಾಹಕನ ಲೆಕ್ಕಕ್ಕೆ ವಾಪಸ್ ಬಂದು, "ಒಂದು ವಸ್ತುವಿನ ಬೆಲೆ ಸೊನ್ನೆ ಮಾಡಿ" ಅಂದರು. ಬೆಲೆ ಸೊನ್ನೆ ಆದರೆ ಅದನ್ನು ಎಷ್ಟು ಬೇಕಾದರೂ ಕೊಳ್ಳಬಹುದು. ಬಜೆಟ್ ಗಣಕ್ಕೆ, ಅಂದರೆ ಇರೋ ದುಡ್ಡಿನಲ್ಲಿ ಕೊಳ್ಳಬಹುದಾದ ಎಲ್ಲದರ ಪಟ್ಟಿಗೆ, ಎಲ್ಲೆಯೇ ಇಲ್ಲ. ಗರಿಷ್ಠ ತುಷ್ಟಿಗುಣ ಅನ್ನೋದೂ ಇಲ್ಲ. ಪಠ್ಯದಲ್ಲಿ ಎಲ್ಲಾ ಬೆಲೆಗಳೂ ಸೊನ್ನೆಗಿಂತ ಜಾಸ್ತಿ ಇರಲಿ ಅಂತ ಒಂದು ಸಾಲು ಇರುತ್ತಲ್ಲ, ಸುಮ್ನೆ ಶಾಸ್ತ್ರಕ್ಕೆ ಬರೆದಿದ್ದು ಅಂದುಕೊಂಡಿದ್ದೆವು. ಇಡೀ ಲೆಕ್ಕ ಆ ಸಾಲಿನ ಮೇಲೆ ನಿಂತಿತ್ತು.

ಲಿಯಾಂಟಿಯೆಫ್ ಅನ್ನೋ ಅರ್ಥಶಾಸ್ತ್ರಜ್ಞನ ಇನ್‌ಪುಟ್–ಔಟ್‌ಪುಟ್ ಪಾಠವೂ ಆಗಲೇ. ಉಕ್ಕು ಮಾಡೋಕೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ತೆಗೆಯೋಕೆ ಉಕ್ಕು ಬೇಕು. ಹಾಗಾದರೆ ಕೊನೆಗೆ ಜನಕ್ಕೆ ಇಷ್ಟು ಉಕ್ಕು ಸಿಗಬೇಕು ಅಂದರೆ ಒಟ್ಟು ಎಷ್ಟು ತಯಾರಿಸಬೇಕು? ಮ್ಯಾಟ್ರಿಕ್ಸ್ ಇನ್‌ವರ್ಸ್ ತೆಗೆದರೆ ಉತ್ತರ. ಲಿಯಾಂಟಿಯೆಫ್‌ಗೆ ಇದಕ್ಕಾಗಿ 1973ರಲ್ಲಿ ನೊಬೆಲ್ ಬಂತು. ಪರೀಕ್ಷೆಯಲ್ಲಿ ಮೂರು ವಲಯದ ಇನ್‌ವರ್ಸ್ ಅನ್ನು ಕೈಯಲ್ಲೇ ತೆಗೆಯಬೇಕಿತ್ತು. ಅದರಿಂದ ಯಾರಿಗೆ ಏನು ಉಪಯೋಗವೋ ದೇವರೇ ಬಲ್ಲ.

ನನಗೆ ಅದಕ್ಕಿಂತ ಇಷ್ಟವಾಗಿದ್ದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್. ಕೇಂದ್ರ ಸರ್ಕಾರದ ಎನ್‌ಎಸ್‌ಎಸ್ (ನ್ಯಾಷನಲ್ ಸ್ಯಾಂಪಲ್ ಸರ್ವೇ) 68ನೇ ಸುತ್ತಿನ, ಅಂದರೆ 2011–12ರ, ಮನೆ ಖರ್ಚಿನ ಸಮೀಕ್ಷೆಯ ಮೂಲ ಡೇಟಾ ತಗೊಂಡೆ. ಫೈಲ್ ತೆರೆದರೆ ಕಾಣೋದು ಬರೀ ಅಂಕಿಗಳ ಉದ್ದುದ್ದ ಸಾಲು. ಕಾಮಾ ಇಲ್ಲ, ಜಾಗ ಇಲ್ಲ. ಯಾವ ಅಂಕಿಯಿಂದ ಯಾವ ಅಂಕಿವರೆಗೆ ರಾಜ್ಯ, ಎಲ್ಲಿಂದ ಎಲ್ಲಿಗೆ ಅಕ್ಕಿಯ ಖರ್ಚು ಅಂತ ಬೇರೆ ಒಂದು ಲೇಔಟ್ ಫೈಲ್ ನೋಡಿ ಕತ್ತರಿಸಿಕೊಳ್ಳಬೇಕು. ಪ್ರತಿ ಮನೆಗೂ ಒಂದು ಮಲ್ಟಿಪ್ಲೈಯರ್ ಇರುತ್ತೆ, ಈ ಒಂದು ಮನೆ ದೇಶದ ಎಷ್ಟು ಮನೆಗಳ ಪರವಾಗಿ ನಿಂತಿದೆ ಅಂತ. ಅದನ್ನು ಹಾಕದೆ ಸರಾಸರಿ ತೆಗೆದರೆ ಬರೋ ಸಂಖ್ಯೆಗೆ ಅರ್ಥ ಇಲ್ಲ. ಆರ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಕರ್ನಾಟಕದ ಮನೆಗಳನ್ನು ಬೇರೆ ಮಾಡಿ, ಎಂಗೆಲ್ ಕರ್ವ್ ಬರೆದೆ. ಆದಾಯ ಏರಿದ ಹಾಗೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತೆ ಅಂತ ಜರ್ಮನಿಯ ಅಂಕಿಅಂಶ ತಜ್ಞ ಎಂಗೆಲ್ 1857ರಲ್ಲಿ ಹೇಳಿದ್ದು. ನಮ್ಮ ಮನೆಗಳಲ್ಲೂ ಗೆರೆ ಹಾಗೇ ಇಳಿಯಿತು. ರೆಕಾರ್ಡ್ ತುಂಬಿಸಿ ತುಂಬಿಸಿ ಬೇಜಾರಾಗಿದ್ದ ಸ್ಟಾಟಿಸ್ಟಿಕ್ಸ್ ಮೊದಲ ಸಲ ಜನರ ಥರ ಕಂಡಿತು. ಮುಂದಿನ ಸಮೀಕ್ಷೆಗಾಗಿ ಬಹಳ ಕಾಯಬೇಕಾಯಿತು. 2017–18ರದ್ದನ್ನು ಸರ್ಕಾರ ಬಿಡುಗಡೆಯೇ ಮಾಡಲಿಲ್ಲ. 2022–23ರದ್ದು ಬಂದಾಗ ದೇಶದ ಹಳ್ಳಿಗಳಲ್ಲಿ ಊಟದ ಪಾಲು ಶೇ. 53ರ ಹತ್ತಿರದಿಂದ ಶೇ. 46ಕ್ಕೆ ಇಳಿದಿತ್ತು.

ಇನ್ನು ಮುಂದೇನು ಅನ್ನೋ ಪ್ರಶ್ನೆ. ಡಿಗ್ರಿ ಮುಗಿಯೋ ಹೊತ್ತಿಗೆ ನಮ್ಮ ಕ್ಲಾಸ್ ಹಂಚಿ ಹೋಯಿತು. ಕೆಲವರು ಅನಲಿಟಿಕ್ಸ್ ಕಂಪನಿಗಳಿಗೆ, ಒಂದಿಬ್ಬರು ವಿಮೆಯ ಅಪಾಯ ಲೆಕ್ಕ ಹಾಕೋ ಆಕ್ಚುರಿ ಪರೀಕ್ಷೆಗಳ ಕಡೆ, ಉಳಿದವರು ಎಂಎ ಎಂಟ್ರೆನ್ಸ್‌ಗೆ. ನಾನು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಕ್ವಾಂಟಿಟೇಟಿವ್ ಎಕನಾಮಿಕ್ಸ್ ಕೋರ್ಸಿಗೆ ಪರೀಕ್ಷೆ ಬರೆದೆ. ಅಂಕಿಅಂಶ ತಜ್ಞ ಮಹಾಲನೋಬಿಸ್ 1931ರಲ್ಲಿ ಕಲ್ಕತ್ತಾದಲ್ಲಿ ಶುರು ಮಾಡಿದ ಸಂಸ್ಥೆ ಅದು. ಅಲ್ಲಿ ಫೀಸ್ ಇಲ್ಲ, ಮೇಲಿಂದ ಸ್ಟೈಪೆಂಡ್ ಕೊಡುತ್ತಾರೆ. ಬೆಳಗ್ಗೆಯ ಪೇಪರ್ ಪೂರ್ತಿ ಗಣಿತ, ಮಧ್ಯಾಹ್ನದ್ದು ಎಕನಾಮಿಕ್ಸ್. ಮಧ್ಯಾಹ್ನದ ಪೇಪರಿನಲ್ಲಿ ಒಂದು ವ್ಯಾಖ್ಯೆ ಕೂಡ ಕೇಳಲ್ಲ. ಒಂದು ಹೊಸ ಸನ್ನಿವೇಶ ಕೊಟ್ಟು ಯೋಚನೆ ಮಾಡಿ ಅಂತಾರೆ. ಮೂರು ವರ್ಷ 'ಲಕ್ಷಣಗಳನ್ನು ವಿವರಿಸಿ' ಅಂತ ಬರೆದು ಬಂದವರಿಗೆ ತಲೆ ತಿರುಗುತ್ತೆ. ಸೀಟೂ ಕಮ್ಮಿ. ನನಗೆ ಸಿಗಲಿಲ್ಲ. ಹೈದರಾಬಾದಿನಲ್ಲಿ ಎಂಎ ಮಾಡಿದೆ, ಚೆನ್ನಾಗೇ ಆಯಿತು.

ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಎಕನಾಮಿಕ್ಸ್ ಅಥವಾ ಅದಕ್ಕೆ ಹತ್ತಿರದ ವಿಷಯದಲ್ಲಿ ಸ್ನಾತಕೋತ್ತರ ಪದವಿ ಇರಲೇಬೇಕು. ಆದರೆ ಇಂಡಿಯನ್ ಸ್ಟಾಟಿಸ್ಟಿಕಲ್ ಸರ್ವಿಸ್‌ಗೆ ಡಿಗ್ರಿಯಲ್ಲಿ ಸ್ಟಾಟಿಸ್ಟಿಕ್ಸ್ ಒಂದು ವಿಷಯವಾಗಿದ್ದರೆ ಸಾಕು. ಅಂದರೆ ಇಎಂಎಸ್ ಓದಿದವರು ವಯಸ್ಸು 21 ಆಗಿದ್ದರೆ ಡಿಗ್ರಿ ಮುಗಿಸಿದ ಕೂಡಲೇ ಎರಡನೆಯದನ್ನು ಬರೆಯಬಹುದು. ನನ್ನ ಪಕ್ಕ ಕೂರುತ್ತಿದ್ದವಳು ಇದನ್ನು ಮೊದಲ ವರ್ಷವೇ ನೋಡಿಕೊಂಡಿದ್ದಳು. ನಾವು ಎಕನಾಮಿಕ್ಸ್ ಮಾತಾಡುತ್ತಿದ್ದಾಗ ಅವಳು ಸ್ಯಾಂಪ್ಲಿಂಗ್ ಓದುತ್ತಿದ್ದಳು.

ನಮ್ಮ ಚಿಕ್ಕಪ್ಪನ ಮಗಳು ಈ ವರ್ಷ ಸೇರಬೇಕು ಅಂತಿದ್ದಾಳೆ. ಅವಳು ಪಿಯುಸಿಯಲ್ಲಿ ಕಾಮರ್ಸ್‌ನ ಎಸ್‌ಇಬಿಎ ಓದಿದವಳು, ಗಣಿತ ಇಲ್ಲ. ಹೀಗಿದ್ದರೆ ಕೆಲವು ಕಾಲೇಜುಗಳು ಸೇರಿಸಿಕೊಳ್ಳೋದೇ ಇಲ್ಲ, ಅದನ್ನು ಮೊದಲು ಕೇಳಿಕೋ ಅಂದೆ. ಸೇರಿಸಿಕೊಂಡರೂ ರಜೆಯಲ್ಲಿ ಎರಡನೇ ಪಿಯುಸಿಯ ಕ್ಯಾಲ್ಕುಲಸ್ ಮತ್ತು ಮ್ಯಾಟ್ರಿಕ್ಸ್ ಪಾಠ ಮುಗಿಸಿಕೊಂಡು ಹೋಗು, ಎಕನಾಮಿಕ್ಸ್ ಪುಸ್ತಕ ಈಗ ಮುಟ್ಟಬೇಡ. ಕಾಲೇಜು ನೋಡೋಕೆ ಹೋದಾಗ ಕ್ಯಾಂಪಸ್ ನೋಡಿ ವಾಪಸ್ ಬರಬೇಡ, ಮೂರನೇ ವರ್ಷದವರನ್ನು ಯಾರನ್ನಾದರೂ ಹಿಡಿದು ಹಳೇ ಪ್ರಶ್ನೆಪತ್ರಿಕೆ ಕೇಳು ಅಂದೆ. ಮ್ಯಾಥಮೆಟಿಕಲ್ ಎಕನಾಮಿಕ್ಸ್ ಪತ್ರಿಕೆಯಲ್ಲಿ 'ಅರ್ಥವನ್ನು ವಿವರಿಸಿ' ಅನ್ನೋದೇ ಜಾಸ್ತಿ ಇದ್ದರೆ ಇನ್ನೊಂದು ಕಾಲೇಜು ನೋಡೋದು ಒಳ್ಳೇದು. ಮುಂದಿನ ವಾರ ಅವಳ ಜೊತೆ ನಾನೂ ಎರಡು ಕಾಲೇಜಿಗೆ ಹೋಗುತ್ತಿದ್ದೇನೆ.